ಎಂಜಲಿಗೆ ಇಂಗ್ಲಿಷಲ್ಲಿ ಏನಂತಾರೆ?

ಯಾವುದೇ ಹಾಸ್ಟೆಲ್ ಮೆಸ್‌ಗೆ ಹೋಗಿ, ಕೈ ತೊಳೆಯೋ ಜಾಗದ ಪಕ್ಕ ಒಂದು ದೊಡ್ಡ ಡ್ರಮ್ ಇರುತ್ತೆ. ಮೇಲೆ 'ವೆಟ್ ವೇಸ್ಟ್' ಅಂತ ಬರೆದಿರುತ್ತೆ. ಮಧ್ಯಾಹ್ನದ ಊಟ ಮುಗಿಯೋ ಹೊತ್ತಿಗೆ ಅದರೊಳಗೆ ಒಮ್ಮೆ ಇಣುಕಿ ನೋಡಿ. ಅರ್ಧ ತಿಂದ ಚಪಾತಿ, ಸಾಂಬಾರ್‌ನಲ್ಲಿ ಕಲಸಿ ಬಿಟ್ಟ ಅನ್ನ, ಕೈಯೇ ಹಾಕದ ಪಲ್ಯ, ಬಾಳೆಹಣ್ಣಿನ ಸಿಪ್ಪೆ, ಬೆಳಿಗ್ಗೆ ಮಿಕ್ಕಿ ಈಗ ಹಳಸಿರೋ ಉಪ್ಪಿಟ್ಟು, ತರಕಾರಿ ಹೆಚ್ಚಿದ ತೊಟ್ಟು. ಇಷ್ಟೆಲ್ಲಕ್ಕೂ ಸೇರಿ ಹೆಸರು ಒಂದೇ. ಆ ಹೆಸರಲ್ಲಿರೋ ಮಾಹಿತಿಯೂ ಒಂದೇ: ಅದು ಒದ್ದೆಯಾಗಿದೆ ಅನ್ನೋದು!

ಕ್ಯಾಂಪಸ್‌ನಲ್ಲಿ ಊಟ ಚೆಲ್ಲೋದನ್ನ ಕಡಿಮೆ ಮಾಡೋದು ಹೇಗೆ ಅಂತ ಪೋಸ್ಟರ್, ಪ್ರೆಸೆಂಟೇಶನ್, ಪ್ರಾಜೆಕ್ಟ್ ಎಲ್ಲ ಆಗ್ತಾನೇ ಇರುತ್ತೆ. ನಾನು ಇಲ್ಲಿ ಹೇಳಹೊರಟಿರೋದು ಒಂದು ಚಿಕ್ಕ ವಿಷಯ. ನಾವು ಬಳಸೋ ಇಂಗ್ಲಿಷ್ ಪದಗಳು ಎಷ್ಟು ನಯವಾಗಿವೆ ಅಂದ್ರೆ, ಯಾವ ಊಟ, ಯಾರಿಂದ, ಯಾಕೆ ಚೆಲ್ಲಿಹೋಯ್ತು ಅನ್ನೋದು ಅದರಲ್ಲಿ ಕಾಣೋದೇ ಇಲ್ಲ. ಕಾಣದೇ ಇದ್ದದ್ದನ್ನ ಸರಿ ಮಾಡೋಕೂ ಆಗಲ್ಲ. ನಮ್ಮ ಅಡುಗೆಮನೆಗಳ ಕನ್ನಡದಲ್ಲಿ ಇದಕ್ಕೆ ಬೇಕಾದ ಪದಗಳು ಮೊದಲೇ ಇವೆ.

ನಯವಾದ ಮಾತು

ಕಹಿ ವಿಷಯವನ್ನ ಮೆತ್ತಗಿನ ಮಾತಲ್ಲಿ ಹೇಳೋದಕ್ಕೆ ಇಂಗ್ಲಿಷಲ್ಲಿ ಯೂಫೆಮಿಸಂ ಅಂತಾರೆ. ಗ್ರೀಕ್ ಮೂಲದ ಪದ; 'ಯೂ' ಅಂದ್ರೆ ಒಳ್ಳೆಯ, 'ಫೀಮಿ' ಅಂದ್ರೆ ಮಾತು. ಕನ್ನಡದಲ್ಲಿ ಸೌಮ್ಯೋಕ್ತಿ ಅನ್ನಬಹುದು. ಇದು ಇಂಗ್ಲಿಷಿನವರ ಸ್ವತ್ತೇನಲ್ಲ. ಮನೆಯಿಂದ ಹೊರಡುವಾಗ ನಾವು 'ಹೋಗ್ತೀನಿ' ಅನ್ನಲ್ಲ, 'ಬರ್ತೀನಿ' ಅಂತೀವಿ. ದೀಪ ಆರಿಸು ಅನ್ನಲ್ಲ, 'ದೊಡ್ಡದು ಮಾಡು', 'ಶಾಂತ ಮಾಡು' ಅಂತೀವಿ. ಹಲವು ಮನೆಗಳಲ್ಲಿ ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚಿದೆ' ಅಂತಾರೆ. ಡಬ್ಬ ಖಾಲಿ, ಬಾಯಲ್ಲಿ ಮಾತ್ರ ಸಮೃದ್ಧಿ. ಆದರೆ ಗಮನಿಸಿ, ಇಲ್ಲಿ ಯಾರೂ ಮೋಸ ಹೋಗಲ್ಲ. 'ಅಕ್ಕಿ ಹೆಚ್ಚಿದೆ' ಅಂದ ತಕ್ಷಣ ಚೀಲ ಹಿಡಿದು ಅಂಗಡಿಗೆ ಹೋಗಬೇಕಾದವರು ಯಾರು ಅಂತ ಮನೆಯವರಿಗೆಲ್ಲ ಗೊತ್ತು.

ಇನ್ನೊಂದು ಥರದ ಸೌಮ್ಯೋಕ್ತಿ ಇದೆ, ಅದು ಗೊತ್ತಾಗಬಾರದು ಅಂತಲೇ ಹುಟ್ಟಿದ್ದು. ಜಾರ್ಜ್ ಆರ್ವೆಲ್ 1946ರಲ್ಲಿ 'ಪಾಲಿಟಿಕ್ಸ್ ಅಂಡ್ ದಿ ಇಂಗ್ಲಿಷ್ ಲಾಂಗ್ವೇಜ್' ಅನ್ನೋ ಪ್ರಬಂಧದಲ್ಲಿ ಇದನ್ನೇ ಹಿಡಿದು ಝಾಡಿಸಿದ್ದು. ಹಳ್ಳಿಗಳ ಮೇಲೆ ಬಾಂಬ್ ಹಾಕೋದಕ್ಕೆ 'ಪ್ಯಾಸಿಫಿಕೇಶನ್', ಅಂದ್ರೆ ಶಾಂತಗೊಳಿಸೋದು, ಅಂತ ಹೆಸರಿಟ್ಟರೆ ಸುದ್ದಿ ಓದೋನ ಕಣ್ಣೆದುರು ಹಳ್ಳಿ ಬರೋದೇ ಇಲ್ಲ ಅನ್ನೋದು ಅವರ ದೂರು.

ಕಸದ ಲೋಕದಲ್ಲೂ ಇದಕ್ಕೆ ಒಂದು ಒಳ್ಳೇ ಉದಾಹರಣೆ ಇದೆ. ಚರಂಡಿ ನೀರು ಶುದ್ಧೀಕರಿಸಿದ ಮೇಲೆ ಕೆಳಗೆ ಉಳಿಯೋ ಗಸಿಗೆ ಇಂಗ್ಲಿಷಲ್ಲಿ 'ಸ್ಯೂಯೇಜ್ ಸ್ಲಡ್ಜ್' ಅನ್ನೋ ಹೆಸರಿತ್ತು. ಇದನ್ನ ಹೊಲಕ್ಕೆ ಗೊಬ್ಬರವಾಗಿ ಹಾಕಿಸಬೇಕು ಅಂದ್ರೆ ಹೆಸರೇ ಅಡ್ಡ ಬರ್ತಿತ್ತು. 1990ರ ದಶಕದ ಆರಂಭದಲ್ಲಿ ಅಮೆರಿಕದ ತ್ಯಾಜ್ಯನೀರು ಎಂಜಿನಿಯರುಗಳ ಸಂಘಟನೆ, ಇವತ್ತಿನ ವಾಟರ್ ಎನ್ವಿರಾನ್ಮೆಂಟ್ ಫೆಡರೇಶನ್, ಹೊಸ ಹೆಸರು ಹುಡುಕೋದಕ್ಕೆ ಅಂತಲೇ ಒಂದು ತಂಡ ಮಾಡಿ 'ಬಯೋಸಾಲಿಡ್ಸ್' ಅನ್ನೋ ಪದ ಆರಿಸ್ತು. ಮಜಾ ಏನಂದ್ರೆ ಆ ಸಂಘಟನೆಯ ಹೆಸರಲ್ಲೇ ಮೊದಲು 'ಸ್ಯೂಯೇಜ್ ವರ್ಕ್ಸ್' ಇತ್ತು, ಆಮೇಲೆ 'ವಾಟರ್ ಪೊಲ್ಯೂಶನ್ ಕಂಟ್ರೋಲ್' ಆಯ್ತು, ಆಮೇಲೆ ಮಾಲಿನ್ಯವೂ ಹೋಗಿ ಬರೀ ನೀರು, ಪರಿಸರ ಉಳೀತು. ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ ಇದಕ್ಕೆ 'ಯೂಫೆಮಿಸಂ ಟ್ರೆಡ್‌ಮಿಲ್' ಅಂತಾರೆ. ಹಳೇ ಪದಕ್ಕೆ ವಾಸನೆ ಹತ್ತಿತು ಅಂತ ಹೊಸದು ತರ್ತೀವಿ, ಸ್ವಲ್ಪ ದಿನಕ್ಕೆ ಅದಕ್ಕೂ ವಾಸನೆ ಹತ್ತುತ್ತೆ. 'ಟಾಯ್ಲೆಟ್' ಫ್ರೆಂಚ್‌ನಲ್ಲಿ ಮೂಲತಃ ಒಂದು ಚಿಕ್ಕ ಬಟ್ಟೆ. ಅದು ಸಾಲದೇ ಬಾತ್‌ರೂಮ್, ವಾಶ್‌ರೂಮ್, ರೆಸ್ಟ್‌ರೂಮ್ ಎಲ್ಲ ಬಂದವು. ಅಲ್ಲಿ ರೆಸ್ಟ್ ತಗೊಳ್ಳೋಕೆ ಹೋಗೋರನ್ನ ನಾನಂತೂ ನೋಡಿಲ್ಲ. ಎಂಟು ಗಂಟೆಯ ಕ್ಲಾಸ್ ತಪ್ಪಿಸೋರನ್ನ ಬಿಟ್ಟರೆ.

ತಟ್ಟೆಯ ಸುತ್ತಲಿನ ಇಂಗ್ಲಿಷ್

ಈಗ ಊಟಕ್ಕೆ ಬರೋಣ. ನಮ್ಮಲ್ಲಿ ಎಲ್ಲ ಕಡೆ ಕಾಣೋ ಪದ 'ಫುಡ್ ವೇಸ್ಟೇಜ್'. ಇಂಗ್ಲಿಷಲ್ಲಿ 'ವೇಸ್ಟ್', 'ವೇಸ್ಟೇಜ್' ಒಂದೇ ಅಲ್ಲ. ಸೋರಿ, ಆವಿಯಾಗಿ, ಸವೆದು, ತಾನಾಗಿಯೇ ಕಡಿಮೆಯಾಗೋದಕ್ಕೆ ವೇಸ್ಟೇಜ್ ಅಂತಾರೆ. ಪೈಪ್‌ನಲ್ಲಿ ನೀರು ಸೋರಿದ ಹಾಗೆ. ಬ್ರಿಟನ್ನಿನ ಕಂಪನಿಗಳಲ್ಲಿ ನಿವೃತ್ತರಾದವರ ಜಾಗಕ್ಕೆ ಯಾರನ್ನೂ ತಗೊಳ್ಳದೆ ಕೆಲಸಗಾರರನ್ನ ಕಡಿಮೆ ಮಾಡೋದಕ್ಕೆ 'ನ್ಯಾಚುರಲ್ ವೇಸ್ಟೇಜ್' ಅನ್ನೋ ಹೆಸರೂ ಇದೆ. ಹಾಗಾಗಿ 'ಫುಡ್ ವೇಸ್ಟೇಜ್' ಅಂದಾಗ ಅನ್ನ ತಟ್ಟೆಯಿಂದ ತಾನೇ ಎದ್ದು ಡ್ರಮ್‌ಗೆ ಹೋದಂಗಿರುತ್ತೆ.

ಅಂಗಡಿಯವರ ಭಾಷೆಯಲ್ಲಿ ಕೊಳೆತ, ಕಳುವಾದ, ಒಡೆದ ಮಾಲೆಲ್ಲ ಸೇರಿ 'ಶ್ರಿಂಕೇಜ್', ಅಂದ್ರೆ ಕುಗ್ಗಿದ್ದು. ಹೋಟೆಲಲ್ಲಿ ಉಳಿದದ್ದನ್ನ ಮನೆಗೆ ಒಯ್ಯೋ ಪೊಟ್ಟಣ 'ಡಾಗಿ ಬ್ಯಾಗ್'. ನಾಯಿಗೆ ಅಂತ ನೆಪ, ತಿನ್ನೋದು ನಾವೇ. ಈ ಸೌಮ್ಯೋಕ್ತಿ ಒಂದು ವಿಷಯದಲ್ಲಿ ಒಳ್ಳೇದೇ ಮಾಡ್ತು ಅನ್ನಿ. ಕೇಳೋಕೆ ನಾಚಿಕೆಪಡೋರಿಗೆ ಒಂದು ಮರೆ ಕೊಟ್ಟು ಊಟ ಉಳಿಸ್ತು. ಎಲ್ಲ ನಯವಾದ ಮಾತೂ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ.

ವಿಶ್ವಸಂಸ್ಥೆಯ ಕಾಗದಗಳಲ್ಲಿ ಎರಡು ಪದ ಬೇರೆ ಬೇರೆ ಬರುತ್ತವೆ: 'ಫುಡ್ ಲಾಸ್', 'ಫುಡ್ ವೇಸ್ಟ್'. ಕೊಯ್ಲಿನಿಂದ ಹಿಡಿದು ಚಿಲ್ಲರೆ ಅಂಗಡಿಗೆ ಬರೋ ಮೊದಲು ಹಾಳಾಗಿದ್ದು ಲಾಸ್. ಅಂಗಡಿ, ಹೋಟೆಲ್, ಮನೆಗಳಲ್ಲಿ ಹಾಳಾಗಿದ್ದು ವೇಸ್ಟ್. ಇದು ಉಪಯೋಗದ ವಿಂಗಡಣೆ, ಯಾಕಂದ್ರೆ ಒಂದಕ್ಕೆ ಗೋದಾಮು, ರಸ್ತೆ, ಶೀತಲೀಕರಣ ಬೇಕು, ಇನ್ನೊಂದಕ್ಕೆ ನಮ್ಮ ಅಭ್ಯಾಸ ಬದಲಾಗಬೇಕು. ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 12.3 ಅನ್ನೋ ಗುರಿ 2030ರೊಳಗೆ ತಲಾ ಫುಡ್ ವೇಸ್ಟ್ ಅರ್ಧ ಆಗಬೇಕು ಅನ್ನುತ್ತೆ. ಲಾಸ್ ಬಗ್ಗೆ ಮಾತ್ರ 'ಕಡಿಮೆ ಮಾಡಬೇಕು' ಅಷ್ಟೇ, ಸಂಖ್ಯೆ ಇಲ್ಲ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರ ಹೀಗೆ ಕಳೀತು. ಗ್ರಾಹಕರ ಹಂತಕ್ಕೆ ಬಂದ ಆಹಾರದಲ್ಲಿ ಇದು ಸುಮಾರು 19 ಪರ್ಸೆಂಟ್. ಅದರಲ್ಲಿ ಮನೆಗಳ ಪಾಲು 63.1 ಕೋಟಿ ಟನ್, ಹೋಟೆಲ್, ಕ್ಯಾಂಟೀನ್, ಮೆಸ್ ಥರದ ಆಹಾರ ಸೇವೆಯ ಪಾಲು 29 ಕೋಟಿ ಟನ್. ಆದರೆ ಈ ಲೆಕ್ಕದೊಳಗೆ ತಿನ್ನಲಾಗದ ಸಿಪ್ಪೆ, ಮೂಳೆ, ಬೀಜವೂ ಸೇರಿವೆ. ನಮ್ಮ ಡ್ರಮ್‌ನ ಕಥೆಯೇ ಇಲ್ಲೂ. ಮೊತ್ತ ದೊಡ್ಡದು, ಒಳಗೆ ಏನಿದೆ ಅನ್ನೋದು ಹೆಸರಲ್ಲಿ ಕಾಣಲ್ಲ.

ಅಜ್ಜಿಯರ ವರ್ಗೀಕರಣ

ಕನ್ನಡದ ಅಡುಗೆಮನೆ ಈ ಕೆಲಸವನ್ನ ಎಷ್ಟು ಚೊಕ್ಕವಾಗಿ ಮಾಡಿದೆ ನೋಡಿ.

'ಮಿಕ್ಕಿದ್ದು' ಅಥವಾ 'ಉಳಿದದ್ದು': ಪಾತ್ರೆಯಲ್ಲೇ ಇದೆ, ಬಡಿಸಿಲ್ಲ, ಯಾರ ಕೈಯೂ ತಾಗಿಲ್ಲ. ಇದು ಇನ್ನೂ ಊಟವೇ.

ಮಿಕ್ಕಿದ್ದು ರಾತ್ರಿ ಕಳೆದರೆ 'ತಂಗಳು'. ತಂಗಳನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಬಿದ್ದರೆ ಚಿತ್ರಾನ್ನ, ಮೊಸರು ಬಿದ್ದರೆ ಇನ್ನೊಂದು ತಿಂಡಿ. ಫ್ರಿಜ್‌ಗೆ ತಮಾಷೆಯಾಗಿ 'ತಂಗಳು ಪೆಟ್ಟಿಗೆ' ಅನ್ನೋದು ನಿಮಗೂ ಗೊತ್ತಿರುತ್ತೆ. ನನಗೆ ತುಂಬ ಇಷ್ಟದ ಅನುವಾದ ಇದು, ಯಾಕಂದ್ರೆ ಯಂತ್ರದ ಹೆಸರಲ್ಲಿ ಅದರ ನಿಜವಾದ ಕೆಲಸವೇ ಇದೆ.

ತಂಗಳು ಕೆಟ್ಟರೆ 'ಹಳಸಿದ್ದು'. ಇವೆರಡರ ನಡುವಿನ ಗೆರೆ ಮುಖ್ಯ, ಅಲ್ಲಿ ನಮ್ಮ ಮೂಗನ್ನ ಮಾತ್ರ ನಂಬೋಕಾಗಲ್ಲ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯದೆ ಉಳೀತವೆ. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಅವು ಬೆಳೆದು ವಿಷ ಬಿಡ್ತವೆ. ವಾಂತಿ ತರಿಸೋ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಹಾಗಾಗಿ ಅನ್ನ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿಯಾಗಿರಬೇಕು, ಇಲ್ಲಾ ಬೇಗ ತಣಿಸಿ 5 ಡಿಗ್ರಿಗಿಂತ ಕೆಳಗೆ ಇಡಬೇಕು. ಮೆಸ್‌ನ ಮಿಕ್ಕಿದ್ದು ತಂಗಳಾಗುತ್ತೋ ಹಳಸುತ್ತೋ ಅನ್ನೋದು ಇಷ್ಟರ ಮೇಲೆ ನಿಂತಿದೆ. ಇದು ಥರ್ಮೋಡೈನಮಿಕ್ಸ್ ಓದೋರು ಬಗೆಹರಿಸಬಹುದಾದ ಸಮಸ್ಯೆ.

ಇನ್ನು ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ದನಕ್ಕೆ ಹೋಗೋದು. ಕೆಲವು ಕಡೆ ಕಲಗಚ್ಚು, ಕೆಲವು ಕಡೆ ಅಕ್ಕಚ್ಚು. ಅದನ್ನ ಯಾರೂ ಕಸ ಅಂತ ಕರೀಲೇ ಇಲ್ಲ, ಯಾಕಂದ್ರೆ ಅದಕ್ಕೆ ಹೋಗೋಕೆ ಒಂದು ಜಾಗ ಇತ್ತು.

ಕೊನೇದು 'ಎಂಜಲು'. ಒಬ್ಬರ ಬಾಯಿ ಅಥವಾ ತಟ್ಟೆ ಸೇರಿ ಉಳಿದದ್ದು. ಇದಕ್ಕೆ ಇಂಗ್ಲಿಷಲ್ಲಿ ಏನಂತಾರೆ? 'ಲೆಫ್ಟೋವರ್' ಅಂದ್ರೆ ಫ್ರಿಜ್‌ನಲ್ಲಿರೋ ನಿನ್ನೆಯ ಸಾರೂ ಆಗುತ್ತೆ. 'ಪ್ಲೇಟ್ ವೇಸ್ಟ್' ಹತ್ತಿರ ಬರುತ್ತೆ, ಆದರೆ ಅದು ಸಂಶೋಧಕರ ಪದ, ಅದರಲ್ಲಿ ತಟ್ಟೆ ಇದೆ, ತಿಂದವನು ಇಲ್ಲ. ಓಂಪ್ರಕಾಶ್ ವಾಲ್ಮೀಕಿ ಅವರ ಹಿಂದಿ ಆತ್ಮಕಥೆ 'ಜೂಠನ್' ಬಂದದ್ದು 1997ರಲ್ಲಿ. ಜೂಠನ್ ಅಂದ್ರೆ ಎಂಜಲೇ. 2003ರಲ್ಲಿ ಅರುಣ್ ಪ್ರಭಾ ಮುಖರ್ಜಿ ಅದನ್ನ ಇಂಗ್ಲಿಷಿಗೆ ತಂದಾಗ ಹೆಸರನ್ನ ಹಾಗೇ ಬಿಟ್ಟರು. ಲೆಫ್ಟೋವರ್, ಸ್ಕ್ರ್ಯಾಪ್ಸ್ ಯಾವುದೂ ಆ ಅವಮಾನವನ್ನ ಹೊರೋದಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಎಂಜಲು ಅನ್ನೋ ಪದ ನಿಖರ ಅಂತ ಹೊಗಳ್ತಾ ಅದರ ಹಿಂದಿರೋದನ್ನ ಮರೆಯೋಕಾಗಲ್ಲ. ಎಂಜಲು ಬಿಡೋರು ಒಂದು ಜಾತಿ, ಎತ್ತೋರು ಇನ್ನೊಂದು, ಅದನ್ನೇ ತಿನ್ನಬೇಕಾಗಿ ಬಂದವರು ಮತ್ತೊಂದು ಅನ್ನೋ ಇತಿಹಾಸ ಈ ಪದದ ಬೆನ್ನಿಗಿದೆ. 'ವೆಟ್ ವೇಸ್ಟ್' ಅನ್ನೋ ನಯವಾದ ಪದ ಬಂದು ಆ ಇತಿಹಾಸ ಅಳಿಸ್ತು ಅಂತ ಅನ್ನಿಸಬಹುದು. ಅಳಿಸಿಲ್ಲ. ನಮ್ಮ ಎಂಜಲು ತಟ್ಟೆಯನ್ನ ಈಗಲೂ ಬೇರೆ ಯಾರೋ ಕೆರೀತಾರೆ, ಡ್ರಮ್ ಬೇರೆ ಯಾರೋ ಹೊರ್ತಾರೆ. ಅವರಿಗೂ 'ಹೌಸ್‌ಕೀಪಿಂಗ್' ಅಂತ ಇನ್ನೊಂದು ಸೌಮ್ಯೋಕ್ತಿ ಇಟ್ಟಿದ್ದೀವಿ. ಪದ ಮಾತ್ರ ಬದಲಾಗಿ ಕೆಲಸ ಹಾಗೇ ಉಳಿದಿದೆ.

'ಸರ್‌ಪ್ಲಸ್' ದಾನ

ಈ ವಿಂಗಡಣೆ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ದಾನದ ವಿಷಯ ನೋಡಿ. ಫೆಸ್ಟ್ ಮುಗಿದ ಮೇಲೆ 'ಸರ್‌ಪ್ಲಸ್ ಫುಡ್ ಡೊನೇಟ್ ಮಾಡೋಣ' ಅನ್ನೋ ಮೆಸೇಜ್ ಬರುತ್ತೆ. ಉದ್ದೇಶ ಒಳ್ಳೇದೇ. ಹೆಚ್ಚುವರಿ ಆಹಾರ ಹಂಚೋದಕ್ಕೆ ಅಂತಲೇ ನಮ್ಮ ದೇಶದಲ್ಲಿ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮಗಳನ್ನ ತಂದಿದೆ. ಹಂಚೋ ಆಹಾರ ಸುರಕ್ಷಿತವಾಗಿರಬೇಕು ಅನ್ನೋದು ಅದರ ಜೀವಾಳ. ಕನ್ನಡದಲ್ಲಿ ಹೇಳಿದರೆ ಒಂದೇ ಸಾಲು: ಮಿಕ್ಕಿದ್ದನ್ನ ಕೊಡಬಹುದು, ಹಳಸಿದ್ದನ್ನ ಕೊಡಬಾರದು, ಎಂಜಲನ್ನ ಯಾವ ಕಾರಣಕ್ಕೂ ಕೊಡಬಾರದು. ಸರ್‌ಪ್ಲಸ್ ಅನ್ನೋ ಪದಕ್ಕೆ ಈ ಮೂರರ ವ್ಯತ್ಯಾಸ ಗೊತ್ತಿಲ್ಲ. ಸಂಜೆ ಏಳಕ್ಕೆ ಮಾಡಿದ ಪಲಾವ್ ರಾತ್ರಿ ಹನ್ನೆರಡಕ್ಕೆ ಸರ್‌ಪ್ಲಸ್ಸೇ, ಬೆಳಿಗ್ಗೆಯೂ ಸರ್‌ಪ್ಲಸ್ಸೇ.

ಇನ್ನೊಂದು ಮಾತು. ಸರ್‌ಪ್ಲಸ್ ಅನ್ನೋದು ಲಾಭದ ಕಡೆಯ ಪದ. ಬಜೆಟ್‌ನಲ್ಲಿ ಸರ್‌ಪ್ಲಸ್ ಬಂದರೆ ಖುಷಿಪಡ್ತೀವಿ. ಪ್ರತಿದಿನ ಸರ್‌ಪ್ಲಸ್ ಬರ್ತಿದ್ದರೆ ಅದು ಅಂದಾಜು ತಪ್ಪಿದ ಲೆಕ್ಕ, ದಾನ ಮಾಡಿದ ಫೋಟೋ ಆ ತಪ್ಪನ್ನ ಮುಚ್ಚುತ್ತೆ. ಕನ್ನಡದ 'ತ್ಯಾಜ್ಯ'ವೂ ಕಮ್ಮಿಯಿಲ್ಲ ಬಿಡಿ. ತ್ಯಾಜ್ಯಕ್ಕೂ ತ್ಯಾಗಕ್ಕೂ ಧಾತು ಒಂದೇ. ಅರ್ಧ ತಟ್ಟೆ ಬಿಸಿಬೇಳೆ ಬಾತ್ ಚೆಲ್ಲಿದವನು ತ್ಯಾಗಿ! ಆಫೀಸಿನ ಕನ್ನಡ ಇಂಗ್ಲಿಷಿನ ಅಣ್ಣನೇ. ನಾನು ಹೊಗಳ್ತಿರೋದು ಅಡುಗೆಮನೆಯ ಕನ್ನಡವನ್ನ.

ವ್ಯಾಕರಣದಲ್ಲೂ ಒಂದು ಸಂಗತಿ ಇದೆ. 'ಫುಡ್ ವಾಸ್ ವೇಸ್ಟೆಡ್' ಅನ್ನೋ ವಾಕ್ಯದಲ್ಲಿ ಮಾಡಿದವನು ಇರಬೇಕಾಗಿಲ್ಲ. ಕನ್ನಡದಲ್ಲಿ ಚೆಲ್ಲಿದೆವು, ಚೆಲ್ಲಿದಿರಿ, ಚೆಲ್ಲಿದರು ಅಂತ ಕ್ರಿಯಾಪದದ ಬಾಲದಲ್ಲೇ ಕರ್ತೃ ಕೂತಿರ್ತಾನೆ. ತಪ್ಪಿಸಿಕೊಳ್ಳೋಕೆ ನಮ್ಮಲ್ಲಿ 'ಹಾಳಾಯ್ತು' ಇದೆ, ನಿಜ. 'ಅನ್ನ ಹಾಳಾಯ್ತು', 'ಅನ್ನ ಚೆಲ್ಲಿದ್ವಿ' ಎರಡನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ.

ಬೋರ್ಡ್ ಮೇಲೆ ಏನು ಬರೀಬೇಕು?

ಪದ ಬದಲಾದರೆ ತಟ್ಟೆ ಬದಲಾಗುತ್ತಾ? ಅಳೆದು ನೋಡಿದವರಿದ್ದಾರೆ. ನಾರ್ವೆಯ ಇಬ್ಬರು ಸಂಶೋಧಕರು, ಕಾಲ್‌ಬೆಕೆನ್ ಮತ್ತು ಸೆಲೆನ್, 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೋಟೆಲುಗಳ ಬಫೆಯಲ್ಲಿ ಕೆಲವು ಕಡೆ ತಟ್ಟೆ ಚಿಕ್ಕದು ಮಾಡಿದರು, ಕೆಲವು ಕಡೆ ಒಂದು ಬೋರ್ಡ್ ಮಾತ್ರ ಇಟ್ಟರು. ಎರಡೂ ಕಡೆ ಆಹಾರ ಚೆಲ್ಲೋದು ಸುಮಾರು 20 ಪರ್ಸೆಂಟ್ ಇಳೀತು. ಆ ಬೋರ್ಡ್‌ನಲ್ಲಿ ಬೈಗುಳ ಇರಲಿಲ್ಲ, ಭೂಮಿ ಉಳಿಸಿ ಅನ್ನೋ ಭಾಷಣವೂ ಇರಲಿಲ್ಲ. ಒಂದೇ ಸಲ ತುಂಬ ಹಾಕಿಕೊಳ್ಳೋ ಬದಲು ಎಷ್ಟು ಸಲ ಬೇಕಾದರೂ ಮತ್ತೆ ಬನ್ನಿ ಅನ್ನೋ ಅರ್ಥದ ಆಹ್ವಾನ ಇತ್ತು. ಬಾಳೆಎಲೆ ಮುಂದೆ ಕೂತವರಿಗೆ ಇದು ಹೊಸದಲ್ಲ. 'ಸ್ವಲ್ಪ ಸ್ವಲ್ಪ ಹಾಕಿಸ್ಕೊಳ್ಳಿ, ಇನ್ನೊಂದು ಸುತ್ತು ಬರುತ್ತೆ' ಅನ್ನೋದು ಬಡಿಸೋರ ಮಾತು.

ಅದೇ ವರ್ಷ ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಊಟದ ಹಾಲ್‌ನ ಅಧ್ಯಯನವೂ ಬಂತು. ಅಲ್ಲಿ ಒಂದು ಸರಳ ಸಂದೇಶ ಹಾಕಿದ ಮೇಲೆ ವಿದ್ಯಾರ್ಥಿಗಳು ಬಿಡೋ ಊಟ ಸುಮಾರು 15 ಪರ್ಸೆಂಟ್ ಕಡಿಮೆಯಾಯ್ತು. ಆಮೇಲೆ 'ನೀವು ಇಷ್ಟು ಚೆಲ್ಲಿದ್ದೀರಿ' ಅಂತ ಅಂಕಿ-ಅಂಶ ಸೇರಿಸಿದ ಸಂದೇಶ ಹಾಕಿದರೆ ಹೇಳಿಕೊಳ್ಳೋವಂಥ ಹೆಚ್ಚಿನ ಇಳಿಕೆ ಬರಲಿಲ್ಲ. ಇನ್ಫೋಗ್ರಾಫಿಕ್ ಮಾಡೋದೇ ಕೆಲಸ ಅಂದುಕೊಂಡಿರೋ ನಮ್ಮಂಥವರಿಗೆ ಸ್ವಲ್ಪ ಬೇಜಾರಿನ ಸುದ್ದಿ.

ಮಾತು ಅಷ್ಟಕ್ಕೇ ಸಾಲುತ್ತೆ ಅಂತಲೂ ಅಲ್ಲ. ವಾಷಿಂಗ್ಟನ್‌ನ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಟ್ರೇ ತೆಗೆದು ಬರೀ ತಟ್ಟೆ ಕೊಟ್ಟಾಗ ಊಟ ಬಿಡೋದು 32 ಪರ್ಸೆಂಟ್ ಇಳಿದಿತ್ತು. ಕೈಯಲ್ಲಿ ಹಿಡಿಯೋಕೆ ಆಗದಷ್ಟನ್ನ ಯಾರೂ ಹಾಕಿಕೊಳ್ಳಲ್ಲ.

ನಮ್ಮ ಮೆಸ್‌ಗಳಲ್ಲಿ ಹೀಗೆ ಮಾಡಿ ನೋಡಬಹುದು. ಒಂದೇ ವಾರ ಸಾಕು. ಒಂದು ಡ್ರಮ್ ಬದಲು ನಾಲ್ಕು ಬಕೆಟ್: ಮಿಕ್ಕಿದ್ದು, ಹಳಸಿದ್ದು, ಸಿಪ್ಪೆ, ಎಂಜಲು. ಹೆಸರು ಕನ್ನಡದಲ್ಲೇ ಇರಲಿ. ಕನ್ನಡ ಬರದ ಗೆಳೆಯರಿಗೆ ಎರಡು ದಿನದಲ್ಲಿ ಬರುತ್ತೆ, ಹಿಂದಿಯವರಿಗೆ ಜೂಠಾ ಅಂದ್ರೆ ಸಾಕು. ಪ್ರತಿ ಊಟದ ನಂತರ ತೂಕ ಹಾಕಿ, ಪಕ್ಕದಲ್ಲಿ ಅವತ್ತಿನ ಮೆನು, ಊಟ ಮಾಡಿದವರ ಸಂಖ್ಯೆ ಬರೀರಿ. ತೂಕ ಹಾಕೋದು, ಬಕೆಟ್ ಹೊರೋದು ವಿದ್ಯಾರ್ಥಿಗಳದೇ ಪಾಳಿ ಆಗಬೇಕು. ಇಲ್ಲದಿದ್ದರೆ ನಮ್ಮ ಪ್ರಾಜೆಕ್ಟ್‌ಗೆ ಮೆಸ್ ಕೆಲಸದವರು ಇನ್ನೂ ಮೂರು ಬಕೆಟ್ ತೊಳೆಯಬೇಕಾಗುತ್ತೆ.

ಯಾವ ಬಕೆಟ್ ಭಾರ ಅನ್ನೋದರ ಮೇಲೆ ಕೆಲಸ ಬೇರೆ. ಮಿಕ್ಕಿದ್ದು ಭಾರವಾದರೆ ಸಮಸ್ಯೆ ಅಂದಾಜಿನದು: ಶುಕ್ರವಾರ ರಾತ್ರಿ ಅರ್ಧ ಹಾಸ್ಟೆಲ್ ಊರಿಗೆ ಹೋಗಿರುತ್ತೆ, ಅಕ್ಕಿ ಮಾತ್ರ ಸೋಮವಾರದಷ್ಟೇ ಬೇಯುತ್ತೆ. ಯಾರು ಊಟಕ್ಕೆ ಬರಲ್ಲ ಅಂತ ಮಧ್ಯಾಹ್ನವೇ ತಿಳಿಸೋ ಒಂದು ಫಾರ್ಮ್ ಇದಕ್ಕೆ ಸಾಕು. ಹಳಸಿದ್ದು ಭಾರವಾದರೆ ಬಿಸಿ ಕಾಯೋ, ತಣಿಸೋ ಪಾತ್ರೆಗಳ ಕಡೆ ನೋಡಬೇಕು. ಸಿಪ್ಪೆ ಇದ್ದೇ ಇರುತ್ತೆ, ಅದಕ್ಕೆ ಒಣ ಎಲೆ ಬೆರೆಸಿ ಗೊಬ್ಬರ ಮಾಡಬೇಕು. ದಿನಕ್ಕೆ 100 ಕೆಜಿಗಿಂತ ಹೆಚ್ಚು ಕಸ ಹಾಕೋ ಕಾಲೇಜು, ಹಾಸ್ಟೆಲ್‌ಗಳನ್ನ 2016ರ ಘನತ್ಯಾಜ್ಯ ನಿಯಮಗಳು 'ಬಲ್ಕ್ ವೇಸ್ಟ್ ಜನರೇಟರ್' ಅಂತ ಗುರುತಿಸಿದ್ದವು. ಇದೂ ಎಂಥಾ ಹೆಸರು, ಏನೋ ಉತ್ಪಾದನೆ ಮಾಡ್ತಿರೋ ಹಾಗೆ.

ಎಂಜಲು ಭಾರವಾದರೆ ನಮ್ಮದೇ ಲೆಕ್ಕ. 400 ಜನ ಒಬ್ಬೊಬ್ಬರು 60 ಗ್ರಾಂ ಅನ್ನ, ಅಂದ್ರೆ ಮೂರು ನಾಲ್ಕು ತುತ್ತು ಬಿಟ್ಟರು ಅಂದ್ಕೊಳ್ಳಿ. ಒಂದು ಹೊತ್ತಿಗೆ 24 ಕೆಜಿ ಅನ್ನ. ಅಕ್ಕಿ ಬೆಂದಾಗ ತೂಕ ಸುಮಾರು ಮೂರು ಪಟ್ಟಾಗುತ್ತೆ, ಹಾಗಾಗಿ 8 ಕೆಜಿ ಅಕ್ಕಿ. ಒಂದು ಕೆಜಿ ಅಕ್ಕಿ ಬೆಳೆಯೋಕೆ ಜಾಗತಿಕ ಸರಾಸರಿ ಸುಮಾರು 2,500 ಲೀಟರ್ ನೀರು. 8 ಕೆಜಿಗೆ 20,000 ಲೀಟರ್. ಎರಡು ದೊಡ್ಡ ಟ್ಯಾಂಕರ್ ನೀರು, ಒಂದು ಮಧ್ಯಾಹ್ನಕ್ಕೆ.

ಇನ್ನು ಬೋರ್ಡ್. 'ಕೈಂಡ್ಲಿ ಮಿನಿಮೈಸ್ ಫುಡ್ ವೇಸ್ಟೇಜ್' ತೆಗೆದು, ಕೈ ತೊಳೆಯೋ ಜಾಗದಿಂದ ಬಡಿಸೋ ಜಾಗಕ್ಕೆ ಅದನ್ನ ಸ್ಥಳಾಂತರ ಮಾಡಬೇಕು, ಯಾಕಂದ್ರೆ ತೀರ್ಮಾನ ಆಗೋದು ಅಲ್ಲಿ. ಬರಹ ನನ್ನ ಪ್ರಕಾರ ಹೀಗಿರಬಹುದು: 'ಮೊದಲು ಸ್ವಲ್ಪ ಹಾಕ್ಕೊಳ್ಳಿ. ಮತ್ತೆ ಬನ್ನಿ, ಅನ್ನ ಇಲ್ಲೇ ಇರುತ್ತೆ.' ಎರಡನೇ ವಾಕ್ಯ ಸುಳ್ಳಾಗಬಾರದು. ಕೊನೆಗೆ ಬಂದವರಿಗೆ ಪಲ್ಯ ಖಾಲಿ ಅನ್ನೋ ಭಯ ಇರೋ ತನಕ ಎಲ್ಲರೂ ಮೊದಲ ಸಲವೇ ಗುಡ್ಡೆ ಹಾಕಿಕೊಳ್ತಾರೆ. ಹಾಗಾಗಿ ಬೋರ್ಡ್ ಹಾಕೋ ಮುಂಚೆ ಅಡುಗೆಯವರ ಹತ್ತಿರ ಕೂತು ಮಾತಾಡಿ, ಕೊನೆಯ ಅರ್ಧ ಗಂಟೆಗೆ ಅಂತ ಒಂದು ಪಾತ್ರೆ ಪಲ್ಯ ಬೇರೆ ಎತ್ತಿಡಿಸಬೇಕು.